ಸರಾಸರಿಯಲ್ಲಿ ಕಾಣದ ವಿಮಾನ

ಹುಬ್ಬಳ್ಳಿಯ ವಿಮಾನ ನಿಲ್ದಾಣ ಇರುವ ಗೋಕುಲ ರಸ್ತೆ ಕಡೆ ನನ್ನ ಗಣಿತದ ಟ್ಯೂಷನ್. ಸಪ್ಪಳ ಕೇಳಿಯೇ ಬಂದದ್ದು ಸಣ್ಣ ಎಟಿಆರ್ ವಿಮಾನವೋ ದೊಡ್ಡ ಏರ್‌ಬಸ್ಸೋ ಅಂತ ಹೇಳುವ ಹುಡುಗನೊಬ್ಬ ಇದ್ದಾನೆ. ಲಾಗರಿದಮ್ ಮಾತ್ರ ಅವನ ತಲೆಗೆ ಹತ್ತುವುದಿಲ್ಲ. ಸದ್ದು ಅಳೆಯುವ ಡೆಸಿಬೆಲ್ ಕೂಡ ಲಾಗ್ ಲೆಕ್ಕವೇ ಕಣಪ್ಪ, 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಅಂದಾಗ ಸ್ವಲ್ಪ ಕಿವಿಗೊಟ್ಟ.

ನಿಯಮ ಹೀಗಿದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಇದು 2000ದ ಶಬ್ದ ಮಾಲಿನ್ಯ ನಿಯಮ. ವಿಮಾನ ನಿಲ್ದಾಣದ ಸುತ್ತಲಿನ ಶಬ್ದ ವಲಯಕ್ಕೆ ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ಬೇರೆ ಮಿತಿ ತಂದಿತು. ವರ್ಷಕ್ಕೆ 50,000ಕ್ಕಿಂತ ಜಾಸ್ತಿ ಹಾರಾಟ ಇರುವ ಕಡೆ ಹಗಲು 70, ರಾತ್ರಿ 65; ಉಳಿದ ಕಡೆ ಹಗಲು 65, ರಾತ್ರಿ 60. ಅಂದರೆ ರಾತ್ರಿ 45ರ ಬದಲು 60. ಶಕ್ತಿಯ ಲೆಕ್ಕದಲ್ಲಿ ಮೂವತ್ತು ಪಟ್ಟಿಗೂ ಮೇಲೆ!

ಈ ಮಿತಿಗೆ ನೋಡುವುದು ಇಡೀ ಹಗಲಿನ ಅಥವಾ ಇಡೀ ರಾತ್ರಿಯ ಸರಾಸರಿ ಸದ್ದು. ನನ್ನ ತಕರಾರು ಅಂಕಿಗಿಂತ ಈ ಸರಾಸರಿಯ ಮೇಲೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಂಟೆಗೊಂದು ವಿಮಾನ, ಪ್ರತಿಯೊಂದೂ ಅರ್ಧ ನಿಮಿಷ 80 ಡೆಸಿಬೆಲ್ ಸದ್ದು ಮಾಡಿತು ಅಂದುಕೊಳ್ಳಿ. ಉಳಿದ ಹೊತ್ತು ನಿಶ್ಶಬ್ದ. ಶಬ್ದದ ಶಕ್ತಿಯ ಲೆಕ್ಕದಲ್ಲಿ ಸರಾಸರಿ ಸುಮಾರು 59. 60ರ ಒಳಗೇ, ಪಾಸ್! ಮನೆಯವರು ಎಂಟು ಸಲ ಎದ್ದು ಕೂತದ್ದು ಯಾವ ಕಾಗದದಲ್ಲೂ ಬರುವುದಿಲ್ಲ. ಲಂಡನ್ನಿನ ಹೀಥ್ರೂದಲ್ಲಿ ರಾತ್ರಿ ವಿಮಾನಗಳ ಸಂಖ್ಯೆಗೇ ಮಿತಿ ಇದೆ. ಸದ್ದು ಜಾಸ್ತಿ ಮಾಡುವ ವಿಮಾನಕ್ಕೆ ಪಾಯಿಂಟೂ ಜಾಸ್ತಿ, ಆ ಪಾಯಿಂಟುಗಳ ಮೊತ್ತಕ್ಕೂ ಮಿತಿ. ಎಣಿಸುವುದು ಅಂದರೆ ಇದು.

ಇದನ್ನೆಲ್ಲ ಹೇಳಿದ್ದಕ್ಕೆ ಪಕ್ಕದ ಮನೆಯ ಕಾಕಾ ನಕ್ಕುಬಿಟ್ಟರು. "ಸರ, ವಿಮಾನ ಬಂದ ಮ್ಯಾಲ ಸೈಟಿನ ರೇಟ್ ಏರೇತಿ. ನೀವು ಸಪ್ಪಳಕ್ಕ ಯಾಕ ಅಂಜ್ತೀರಿ? ಮೊದಲ ಆ ಬಸ್ಸಿನ ಹಾರ್ನ್ ಬಂದ್ ಮಾಡಸ್ರಿ."

ಹಾರ್ನ್ ವಿಷಯ ಒಪ್ಪಿದೆ. ಇಲ್ಲಿ ವಿಮಾನಗಳು ಇನ್ನೂ ಕಡಿಮೆಯೇ, ನನಗೂ ನಿದ್ದೆ ಕೆಟ್ಟಿಲ್ಲ. ಆದರೆ ಮನೆಗಳು ಎದ್ದ ಮೇಲೆ ವಿಮಾನ ಕಡಿಮೆ ಮಾಡಿ ಅಂದರೆ ಯಾರು ಕೇಳುತ್ತಾರೆ? ಲೇಔಟಿನ ನಕ್ಷೆಯಲ್ಲಿ ರಸ್ತೆ, ಪಾರ್ಕ್ ತೋರಿಸುವಂತೆ ಶಬ್ದ ವಲಯದ ಗೆರೆಯನ್ನೂ ಈಗಲೇ ತೋರಿಸಲಿ. ಸೈಟ್ ಕೊಳ್ಳುವವರು ನೋಡಿಕೊಂಡೇ ಅಡ್ವಾನ್ಸ್ ಕೊಡಲಿ. ಕಾಕಾಗೆ ಈ ಮಾತು ಹಿಡಿಸಲಿಲ್ಲ. ಅವರದು ಇನ್ನೊಂದು ಸೈಟ್ ಮಾರಾಟಕ್ಕಿದೆ.