ಡೈಡೋ ಬೆಲ್ ಭಾವಚಿತ್ರ: ಮುಖದ ಕೆಲಸ ಶುರು

ಕುರ್ಚಿ, ಪರದೆ, ರೇಷ್ಮೆ ಗೌನು ಒಂದು ಹಂತಕ್ಕೆ ಬಂದವು. ಈ ವಾರ ಡೈಡೋ ಎಲಿಜಬೆತ್ ಬೆಲ್ ಮುಖಕ್ಕೆ ಕೈಹಾಕಿದೆ.

ಡೈಡೋ ಹುಟ್ಟಿದ್ದು 1761ರಲ್ಲಿ. ತಾಯಿ ಮರಿಯಾ ಬೆಲ್ ಗುಲಾಮಗಿರಿಯಲ್ಲಿದ್ದ ಕಪ್ಪು ಹೆಣ್ಣುಮಗಳು. ತಂದೆ ಜಾನ್ ಲಿಂಡ್ಸೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಅವಳು ಬೆಳೆದದ್ದು ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿ, ತಂದೆಯ ಸೋದರಮಾವ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಆಶ್ರಯದಲ್ಲಿ. 1772ರಲ್ಲಿ ಗುಲಾಮಗಿರಿ ಕುರಿತು ಸಾಮರ್‌ಸೆಟ್ ತೀರ್ಪು ಕೊಟ್ಟ ನ್ಯಾಯಾಧೀಶರು ಇವರೇ.

ಡೇವಿಡ್ ಮಾರ್ಟಿನ್ ಬರೆದದ್ದೆನ್ನುವ ಹಳೇ ಚಿತ್ರ ಸ್ಕಾಟ್ಲೆಂಡಿನ ಸ್ಕೂನ್ ಅರಮನೆಯಲ್ಲಿದೆ. ಅದರಲ್ಲಿ ಜೊತೆಗೇ ಬೆಳೆದ ಎಲಿಜಬೆತ್ ಮರ್ರೆ ಕೈಯಲ್ಲಿ ಪುಸ್ತಕ. ಡೈಡೋ ತಲೆಗೆ ಗರಿ ಸಿಕ್ಕಿಸಿದ ರುಮಾಲು, ಕೈಯಲ್ಲಿ ಹಣ್ಣು, ಎಲ್ಲಿಗೋ ಓಡಿ ಹೊರಟ ಭಂಗಿ. ಮೂಲೆಯಲ್ಲಿ ತಟ್ಟೆ ಹಿಡಿದು ನಿಂತ ಕಪ್ಪು ಆಳುಗಳನ್ನೇ ತೋರಿಸುತ್ತಿದ್ದ ಕಾಲಕ್ಕೆ ಇದು ದೊಡ್ಡ ಮಾತೇ. ಆದರೂ ಮ್ಯಾನ್ಸ್‌ಫೀಲ್ಡ್ ಹೇಳಿದ ಪತ್ರ ಬರೆದುಕೊಡುತ್ತಿದ್ದವಳು ಡೈಡೋ. ಅವಳ ಕೈಗೆ ಹಣ್ಣು ಯಾಕೆ? ಊಟ ಮುಗಿದ ಮೇಲೆ ಅವಳು ಬಂದು ಹೆಂಗಸರ ಜೊತೆ ಕೂತಳು ಅಂತ 1779ರಲ್ಲಿ ಆ ಮನೆಗೆ ಹೋಗಿದ್ದ ಥಾಮಸ್ ಹಚಿನ್‌ಸನ್ ಡೈರಿಯಲ್ಲಿ ಬರೆದಿದ್ದಾರೆ. ನನ್ನ ಚಿತ್ರದಲ್ಲಿ ಮೇಜು ಅವಳದ್ದು. ಗರಿಯ ಲೇಖನಿಯೂ ಅವಳದ್ದೇ.

ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ 2005ರಲ್ಲಿ ನೆಪೋಲಿಯನ್‌ನ ಹಳೇ ಚಿತ್ರವೊಂದರ ಕುದುರೆ, ಭಂಗಿ ಎರಡನ್ನೂ ಉಳಿಸಿಕೊಂಡು ಸವಾರನ ಜಾಗಕ್ಕೆ ಇಂದಿನ ಕಪ್ಪು ಯುವಕನನ್ನು ತಂದರು. ನಾನು ವ್ಯಕ್ತಿಯನ್ನು ಉಳಿಸಿಕೊಂಡು ಭಂಗಿ ಬದಲಿಸುತ್ತಿದ್ದೇನೆ.

ಈಗ ಬಣ್ಣದ ವಿಷಯ. ಯುರೋಪಿನ ಹಳೇ ಪದ್ಧತಿಯೊಂದರಲ್ಲಿ ಮೊದಲು ಬೂದು ಬಣ್ಣದಲ್ಲೇ ನೆರಳು-ಬೆಳಕು ಕೂರಿಸಿ, ಒಣಗಿದ ಮೇಲೆ ತೆಳು ಬಣ್ಣದ ಪದರ ಎಳೆಯುತ್ತಾರೆ. ಆ ಬೂದು ಇಲ್ಲಿ ಬೇಡ ಅನ್ನಿಸಿತು. ಕಂದು ಮೈ ಬೂದಿ ಸವರಿದ ಹಾಗೆ ಕಾಣುತ್ತದೆ. ಬರ್ಂಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣದಲ್ಲೇ ಅಡಿಪದರ ಮಾಡಿದೆ. ಕಪ್ಪು ಟ್ಯೂಬ್ ಮುಟ್ಟಿಲ್ಲ. ನೆರಳಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸಾಕು, ನೆರಳು ಸತ್ತ ಹಾಗೆ ಕಾಣುವುದಿಲ್ಲ. ಬೆಳಕು ಕಿಟಕಿಯದ್ದು, ಹಾಗಾಗಿ ಹಣೆಯ ಹೊಳಪಿಗೆ ಬಿಳಿಯ ಜೊತೆ ಚೂರು ನೀಲಿ. ಕೆನ್ನೆಗೆ ಅಲಿಜರಿನ್ ಕ್ರಿಮ್ಸನ್ ಅನ್ನೋ ಗಾಢ ಕೆಂಪು, ತುಂಬಾ ತೆಳುವಾಗಿ. ಗೌನಿಗಿಂತ ಜಾಸ್ತಿ ಹೊತ್ತು ಇಲ್ಲೇ ಹೋಗಲಿ. ಎಷ್ಟೋ ಹಳೇ ಚಿತ್ರಗಳಲ್ಲಿ ಬಟ್ಟೆಯ ಲೇಸಿಗೆ ಸಿಕ್ಕ ಗಮನ ಕಪ್ಪು ಮುಖಗಳಿಗೆ ಸಿಕ್ಕಿಲ್ಲ, ಅಲ್ವಾ?

ಇಂಗ್ಲೆಂಡಿನ ಐತಿಹಾಸಿಕ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಮಿಕೇಲಾ ಹೆನ್ರಿ-ಲೋ ಬರೆದ ಡೈಡೋ ಚಿತ್ರ 2021ರಲ್ಲಿ ಕೆನ್‌ವುಡ್‌ಗೇ ಬಂತು. ನನ್ನದು ಮುಗಿಯುವ ತನಕ ಅದನ್ನು ಮತ್ತೆ ನೋಡಬಾರದು ಅಂದುಕೊಂಡಿದ್ದೇನೆ.

ರುಮಾಲು ಬಿಟ್ಟಿದ್ದೇನೆ, ಕೂದಲು ಕಾಣಲಿ. ಪದರ ಒಣಗಿದ ಮೇಲೆ ಲೇಖನಿ ಹಿಡಿದ ಬಲಗೈ.