ಆಟ, ಕೂಟ, ಕವಿಗೋಷ್ಠಿ: ಜಿಲ್ಲಾ ಪುಟದ ಕೆಲಸ ಕಲಿಸಿದ ಕ್ರಮ

ಗುಡ್ಡ ಕುಸಿದ ಸುದ್ದಿ ಬಂದರೆ ಡೆಸ್ಕ್‌ನಲ್ಲಿ ಕೂತವರು ತಹಶೀಲ್ದಾರರಿಗೆ, ಠಾಣೆಗೆ, ಆ ಊರಿನ ಒಬ್ಬರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಬಂದ ತಾಳಮದ್ದಳೆಯ (ಕಲಾವಿದರು ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟದ) ಪ್ರಕಟಣೆಯನ್ನು ಮಾತ್ರ ಬಂದ ಹಾಗೇ ಪುಟಕ್ಕೆ ಇಳಿಸಿಬಿಡುತ್ತಾರೆ. ಉತ್ತರ ಕನ್ನಡದ ಪುಟಗಳಲ್ಲಿ ಕಲೆ, ಸಾಹಿತ್ಯದ ಸುದ್ದಿ ಸೊರಗುವುದಕ್ಕೆ ಜಾಗದ ಕೊರತೆಗಿಂತ ಈ ಅಭ್ಯಾಸವೇ ದೊಡ್ಡ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿರಸಿಯಲ್ಲಿ ಕೂತು ಘಟ್ಟದ ಮೇಲಿನ, ಕೆಳಗಿನ ತಾಲ್ಲೂಕುಗಳ ಪುಟ ಮಾಡುವಾಗ ರೂಢಿಗೆ ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಡೆಸ್ಕ್‌ಗೆ ಬಂದವರಿಗೂ ತಾಲ್ಲೂಕಿನ ಬಿಡಿ ಸುದ್ದಿಗಾರರಿಗೂ ಉಪಯೋಗವಾದೀತು.

ಮೊದಲನೆಯದು ಪೂರ್ವಸೂಚನೆ. ‘ಇಂದಿನ ಕಾರ್ಯಕ್ರಮ’ ಎಂಬ ಸಣ್ಣ ಕಾಲಂ ಅನ್ನು ಓದುಗರು ಕತ್ತರಿಸಿ ಕಿಸೆಗೆ ಹಾಕಿಕೊಂಡು ಹೋಗುತ್ತಾರೆ, ಈಗ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಅಲ್ಲಿ ಒಂದು ಅಂಕಿ ತಪ್ಪಿದರೆ ಒಂದು ಮನೆಯವರು ಇಪ್ಪತ್ತು ಕಿಲೋಮೀಟರ್ ಹೋಗಿ ಬೀಗ ಹಾಕಿದ ಸಭಾಭವನ ನೋಡಿ ಬರಬೇಕಾಗುತ್ತದೆ. ಪ್ರತಿ ಸೂಚನೆಯಲ್ಲೂ ಇರಲೇಬೇಕಾದ್ದು: ವಾರ ಮತ್ತು ದಿನಾಂಕ ಎರಡೂ, ಸ್ಥಳದ ಜೊತೆಗೆ ತಾಲ್ಲೂಕು, ಪ್ರಸಂಗ (ಆಡುವ ಕಥೆ) ಅಥವಾ ವಿಷಯ, ಮುಖ್ಯ ಕಲಾವಿದರು, ಪ್ರವೇಶ ಉಚಿತವೋ ಟಿಕೆಟ್ಟೋ. ವಾರವನ್ನೂ ದಿನಾಂಕವನ್ನೂ ಕ್ಯಾಲೆಂಡರ್ ಇಟ್ಟು ತಾಳೆ ನೋಡಿ. ಹಳೆಯ ಪ್ರಕಟಣೆಯ ಮೇಲೇ ತಿದ್ದಿ ಕಳಿಸುವವರು ದಿನಾಂಕ ಬದಲಿಸಿ ವಾರ ಮರೆಯುವುದು ತೀರಾ ಸಾಮಾನ್ಯ. ಎರಡೂ ಹೊಂದದಿದ್ದರೆ ಊಹೆ ಮಾಡಬೇಡಿ, ಫೋನ್ ಮಾಡಿ.

ಸಮಯದ ಸಂಗತಿ ಇನ್ನೂ ಸೂಕ್ಷ್ಮ. ಆಮಂತ್ರಣದಲ್ಲಿ ‘ಸಂಜೆ 6’ ಎಂದಿರುತ್ತದೆ. ಅದು ಸಭೆ ಶುರುವಾಗುವ ಹೊತ್ತು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ಮುಗಿದು ಆಟ, ಅಂದರೆ ಯಕ್ಷಗಾನ, ಏಳುವಾಗ ಎಂಟಾಗಬಹುದು. ಹಾಗಾಗಿ ‘ಸಭೆ ಸಂಜೆ 6, ಆಟ ರಾತ್ರಿ 8’ ಎಂದು ಎರಡನ್ನೂ ಕೇಳಿ ಬರೆಯಬೇಕು. ಕೊನೆಯ ಬಸ್ಸನ್ನು ನಂಬಿಕೊಂಡವರಿಗೆ ಕಾಲಮಿತಿ ಪ್ರದರ್ಶನವೋ ಬೆಳಗಿನವರೆಗೋ ಎಂಬುದೂ ಗೊತ್ತಾಗಬೇಕು. ‘ಶನಿವಾರ ರಾತ್ರಿ 12.30’ ಎಂದು ಯಾವತ್ತೂ ಹಾಕಬೇಡಿ. ‘ಶನಿವಾರ ರಾತ್ರಿ 10ರಿಂದ ಭಾನುವಾರ ಬೆಳಗಿನವರೆಗೆ’ ಎಂದರೆ ಗೊಂದಲವೇ ಇಲ್ಲ.

ಊರ ಹೆಸರು ನಮ್ಮ ಜಿಲ್ಲೆಯಲ್ಲಿ ಬೇರೆಯದೇ ತಲೆನೋವು. ಕುಮಟಾ ತಾಲ್ಲೂಕಿನಲ್ಲಿ ಹೆಗಡೆ ಎಂಬ ಊರಿದೆ, ಜಿಲ್ಲೆಯ ತುಂಬ ಹೆಗಡೆ ಎಂಬ ಅಡ್ಡಹೆಸರಿನವರಿದ್ದಾರೆ. ಅಂಕೋಲಾ ತಾಲ್ಲೂಕಿನಲ್ಲೊಂದು ಶಿರೂರು, ಭಟ್ಕಳ ದಾಟಿದ ಕೂಡಲೇ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಇನ್ನೊಂದು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾದ ಶಿರೂರಿನಲ್ಲಿ. ಹೆದ್ದಾರಿ ಎರಡಕ್ಕೂ ಒಂದೇ ಆದ್ದರಿಂದ ತಾಲ್ಲೂಕು ಬಿಟ್ಟ ಸುದ್ದಿ ಹೊರಗಿನವರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ದುರಂತದ ಸುದ್ದಿಗೆ ಬೇಕಾದ ಈ ಎಚ್ಚರ ಭಜನಾ ಸಪ್ತಾಹದ ಸುದ್ದಿಗೂ ಬೇಕು.

ಪ್ರಕಟಣೆಗಳು ಈಗಲೂ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಬರುತ್ತವೆ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಸ್ಥಾನ ತಪ್ಪುತ್ತದೆ, ಕೆಲವು ಒತ್ತಕ್ಷರ ಮಾಯವಾಗುತ್ತವೆ, ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ವಾಕ್ಯದಲ್ಲಿ ಇದು ಕಣ್ಣಿಗೆ ಬೀಳುತ್ತದೆ, ವ್ಯಕ್ತಿಯ ಹೆಸರಿನಲ್ಲಿ ಬೀಳುವುದಿಲ್ಲ. ಅದಕ್ಕಾಗಿ ಫೈಲಿನ ಜೊತೆ ಆಮಂತ್ರಣ ಪತ್ರಿಕೆಯ ಫೋಟೊ ಕೇಳಿ ತರಿಸಿ, ಹೆಸರು ಮತ್ತು ಅಂಕಿಗಳನ್ನು ಅದರಿಂದಲೇ ಓದಿ ಸರಿಪಡಿಸಿ. ಫೋನ್ ನಂಬರ್ ಹಾಕುವುದಿದ್ದರೆ ಒಮ್ಮೆ ಡಯಲ್ ಮಾಡಿ ನೋಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಆಮಂತ್ರಣ ನೋಡಿ ಬರೆಯುವ ವರದಿ. ಜಿಲ್ಲಾ ಪುಟ ರಾತ್ರಿ ಬೇಗ ಮುಗಿಯಬೇಕು, ಘಟ್ಟ ಇಳಿದು ಪತ್ರಿಕೆ ಬೆಳಿಗ್ಗೆ ಕಾರವಾರ, ಭಟ್ಕಳ ಮುಟ್ಟಬೇಕು. ಆಟ ಏಳುವ ಹೊತ್ತಿಗೆ ಪುಟ ಕಟ್ಟಿಯಾಗಿರುತ್ತದೆ. ಆಗ ಸಂಘಟಕರೇ ಮಧ್ಯಾಹ್ನ ಕಳಿಸಿದ ‘ಪ್ರದರ್ಶನ ಜನಮನ ಸೂರೆಗೊಂಡಿತು’ ಎಂಬ ವರದಿ ಕೈಯಲ್ಲಿರುತ್ತದೆ. ಹಾಕಿಬಿಡುವ ಆಸೆ ಆಗುವುದು ಸಹಜ, ಹಾಕಲೇಬಾರದು. ಮಳೆಗೆ ಕಾರ್ಯಕ್ರಮ ನಿಂತಿರಬಹುದು, ಮುಖ್ಯ ವೇಷಧಾರಿಗೆ ಹುಷಾರಿಲ್ಲದೆ ಬೇರೆಯವರು ಬಣ್ಣ ಹಚ್ಚಿರಬಹುದು, ಉದ್ಘಾಟಕರು ಬಂದೇ ಇರಲಿಕ್ಕಿಲ್ಲ. ನಡೆಯದ ಆಟವನ್ನು ಹೊಗಳಿದ ಪತ್ರಿಕೆಯ ಮಳೆ ಸುದ್ದಿಯನ್ನೂ ಜನ ಆಮೇಲೆ ಅನುಮಾನದಿಂದಲೇ ಓದುತ್ತಾರೆ. ಪರಿಹಾರ ಸರಳ: ಹಿಂದಿನ ದಿನ ಸೂಚನೆ, ನಡೆದ ಮಾರನೇ ದಿನ ಬರೆದು ಮೂರನೇ ದಿನ ವರದಿ. ಕಲೆಯ ಸುದ್ದಿ ಒಂದು ದಿನ ತಡವಾದರೆ ಹಳಸುವುದಿಲ್ಲ. ಸಂಘಟಕರು ‘ನಾಳೆಯೇ ಬರಲಿ’ ಎಂದು ಒತ್ತಾಯಿಸಿದರೆ ಸಭೆಯ ಚಿತ್ರವನ್ನು ಎರಡು ಸಾಲಿನ ಶೀರ್ಷಿಕೆಯೊಂದಿಗೆ ಹಾಕಿ. ಅದೂ ಸಭೆ ಮುಗಿದ ಮೇಲೆ ಕಳಿಸಿದ ಚಿತ್ರವಾಗಿರಬೇಕು.

ವರದಿಗಾರ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚುವ ಜಾಗಕ್ಕೆ, ಹೋಗಲೇಬೇಕು. ಯಾರು ಯಾವ ವೇಷ ಎಂಬುದು ಕೊನೆಯ ಗಳಿಗೆಯಲ್ಲಿ ಬದಲಾಗುತ್ತದೆ, ಕರಪತ್ರದಲ್ಲಿ ಹೆಸರಿದ್ದವರು ಬಂದಿರುವುದಿಲ್ಲ. ಬಣ್ಣ ಹಚ್ಚುವಾಗ ಹೋಗಿ ಹಿಮ್ಮೇಳ (ಹಾಡು, ವಾದ್ಯದವರು), ಮುಮ್ಮೇಳ (ವೇಷಧಾರಿಗಳು) ಎರಡನ್ನೂ ಪಾತ್ರಸಹಿತ ಬರೆದುಕೊಳ್ಳಿ: ಭಾಗವತಿಕೆ, ಮದ್ದಳೆ, ಚಂಡೆ ಯಾರದು, ಸ್ತ್ರೀವೇಷ ಯಾರದು, ಹಾಸ್ಯ ಯಾರದು. ಪತ್ರಿಕೆಗಳಲ್ಲಿ ಹಿಮ್ಮೇಳದವರನ್ನು ಬಿಡುವುದು ದೊಡ್ಡ ಅನ್ಯಾಯ. ರಾತ್ರಿಯಿಡೀ ಆಟವನ್ನು ಹೊತ್ತು ನಡೆಸುವವರು ಅವರು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ‘ಕರ್ಣನಾಗಿ ಅಭಿನಯಿಸಿದರು’ ಎಂದು ಬರೆದರೆ ಕೂಟ ಕೇಳುವವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ‘ಕರ್ಣನ ಅರ್ಥ ಹೇಳಿದರು’ ಎನ್ನಬೇಕು. ಯಾವ ವಾದಕ್ಕೆ ಎದುರಾಳಿ ಅರ್ಥಧಾರಿ ಏನು ಉತ್ತರ ಕೊಟ್ಟರು ಎಂಬುದನ್ನು ಎರಡು ವಾಕ್ಯದಲ್ಲಿ ಕೊಟ್ಟರೆ ಅದೇ ವರದಿಯ ಜೀವಾಳ. ಸಭಿಕರ ಸಂಖ್ಯೆ ಹಾಕುವುದಾದರೆ ಕುರ್ಚಿ ಸಾಲು ಎಣಿಸಿ. ‘ಸಹಸ್ರಾರು’ ಎಂಬುದನ್ನು ಕೈಬಿಡಿ.

ಕಲಾವಿದರ ಹೆಸರಿನ ಜೊತೆ ಊರಿನ ಅಥವಾ ಮನೆತನದ ಹೆಸರು ಬಿಡಬಾರದು. ಕೆರೆಮನೆ, ಚಿಟ್ಟಾಣಿ, ಕೊಂಡದಕುಳಿ ಎಂಬ ಹೆಸರುಗಳಿಂದಲೇ ಬಡಗುತಿಟ್ಟಿನ (ಈ ಭಾಗದ ಯಕ್ಷಗಾನ ಶೈಲಿಯ) ಪ್ರೇಕ್ಷಕರು ಗುರುತು ಹಿಡಿಯುವುದು. ಹೆಗಡೆ, ಭಟ್ಟ, ನಾಯ್ಕ ಎಂದು ಮಾತ್ರ ಬರೆದರೆ ಒಂದೇ ಮೇಳದಲ್ಲೇ ಇಬ್ಬರು ಸಿಗುತ್ತಾರೆ.

ತಲೆಬರಹದ ವಿಷಯ. ‘ಕಲೆ ಉಳಿಸಿ ಬೆಳೆಸಿ’ ಎಂಬ ತಲೆಬರಹವನ್ನು ಡೆಸ್ಕ್ ಸಂಪೂರ್ಣ ನಿಲ್ಲಿಸಬೇಕು. ಯಾವ ಊರಿನ, ಯಾವ ವರ್ಷದ ಕಾರ್ಯಕ್ರಮಕ್ಕೂ ಅದು ಹೊಂದುತ್ತದೆ ಎಂದರೆ ಅದರಲ್ಲಿ ಸುದ್ದಿಯೇ ಇಲ್ಲ. ಉದ್ಘಾಟಕರ ಭಾಷಣ ನೂರು ಪದ ತಿಂದು, ಪ್ರಸಂಗದ ಹೆಸರು ಕೊನೆಯ ಸಾಲಿನಲ್ಲಿ ಬಂದು, ಜಾಗ ಸಾಲದೆ ಆ ಸಾಲೂ ಕತ್ತರಿಗೆ ಹೋಗುವುದನ್ನು ಪ್ರತಿ ವಾರ ನೋಡಬಹುದು. ಪುಟ ಕಟ್ಟುವಾಗ ಸುದ್ದಿ ಕೆಳಗಿನಿಂದ ಕತ್ತರಿಯಾಗುತ್ತದೆ ಎಂಬುದನ್ನು ನೆನಪಿಟ್ಟು ಬರೆಯಿರಿ: ಮೊದಲ ವಾಕ್ಯದಲ್ಲಿ ಕಲೆ, ಎರಡನೆಯದರಲ್ಲಿ ಕಲಾವಿದರು, ವೇದಿಕೆಯಲ್ಲಿದ್ದವರ ಪಟ್ಟಿ ಕೊನೆಗೆ. ಎಂಬತ್ತರಿಂದ ನೂರಿಪ್ಪತ್ತು ಪದ ಒಂದು ಸಾಮಾನ್ಯ ಕಾರ್ಯಕ್ರಮಕ್ಕೆ ಸಾಕು.

ಪುಸ್ತಕ ಬಿಡುಗಡೆಯಲ್ಲಿ ಬಿಟ್ಟುಹೋಗುವುದು ಪುಸ್ತಕವೇ. ಬಿಡುಗಡೆ ಮಾಡಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲ ಇರುತ್ತಾರೆ. ಅದು ಕಥೆಯೋ ಕವಿತೆಯೋ, ಎಷ್ಟು ಪುಟ, ಬೆಲೆ ಎಷ್ಟು, ಪ್ರಕಾಶಕರು ಯಾರು, ಶಿರಸಿಯಲ್ಲೋ ಕಾರವಾರದಲ್ಲೋ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಇರುವುದಿಲ್ಲ. ಕವಿಗೋಷ್ಠಿಯಲ್ಲಿ ಇಪ್ಪತ್ತು ಜನ ಓದಿದರೆ ಇಪ್ಪತ್ತು ಹೆಸರು ಹಾಕುವ ಬದಲು, ಒಪ್ಪಿಗೆ ಪಡೆದು ಒಬ್ಬರ ನಾಲ್ಕು ಸಾಲು ಬಾಕ್ಸ್‌ನಲ್ಲಿ ಹಾಕಿ. ಕವಿತೆ ಸುದ್ದಿಯ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ. ಅಂಕೋಲಾದ ದಿನಕರ ದೇಸಾಯಿ ಚುಟುಕಗಳನ್ನು ಬರೆದು ಜನರ ಬಾಯಿಗೆ ತಲುಪಿಸಿದ್ದು ತಮ್ಮ ವಾರಪತ್ರಿಕೆ ‘ಜನಸೇವಕ’ದ ಮೂಲಕವೇ.

ಮಳೆಗಾಲದಲ್ಲಿ ಕಾರ್ಯಕ್ರಮದ ಕಾಲಂ ಹಾಗೂ ಹವಾಮಾನದ ಸುದ್ದಿ ಒಬ್ಬರ ಕೈಯಲ್ಲೇ ಇರಲಿ. 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚಿನ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆ ಎಂದು ವರ್ಗೀಕರಿಸುತ್ತದೆ, ರೆಡ್ ಅಲರ್ಟ್ ಸಾಮಾನ್ಯವಾಗಿ ಆ ಮಟ್ಟದ ಮುನ್ಸೂಚನೆಗೆ. ಅಲರ್ಟ್ ಬಂದು ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸಿದರೆ ಶಾಲೆಯ ಸಭಾಂಗಣದ ಕಾರ್ಯಕ್ರಮ ನಡೆಯುವುದೇ ಅನುಮಾನ, ಆದರೆ ಸಂಘಟಕರು ಪತ್ರಿಕೆಗೆ ತಿಳಿಸಲು ಮರೆತಿರುತ್ತಾರೆ. ದೇವಿಮನೆ ಘಟ್ಟದಲ್ಲಿ ಮಣ್ಣು ಬಿದ್ದರೆ ಕುಮಟಾದ ಭಾಗವತರು ಶಿರಸಿಗೆ ಬರುವುದು ಕಷ್ಟ. ಅರಬೈಲ್ ಘಟ್ಟ ಬಂದಾದರೆ ಅಂಕೋಲಾ ಮತ್ತು ಯಲ್ಲಾಪುರದ ನಡುವೆ ಅದೇ ಕಥೆ. ಸಂಜೆ ಪುಟ ಕಳಿಸುವ ಮೊದಲು ಮಾರನೇ ದಿನದ ಪ್ರತಿ ಕಾರ್ಯಕ್ರಮಕ್ಕೂ ಒಂದು ಫೋನ್. ರಸ್ತೆ ಬಂದಾದ ಸುದ್ದಿಯ ಕೆಳಗೇ ‘ಮುಂದೂಡಿಕೆ’ ಎಂದು ಎರಡು ಸಾಲು ಹಾಕಿದರೆ ಓದುಗರಿಗೆ ಒಂದೇ ಕಡೆ ಎರಡೂ ಸಿಗುತ್ತದೆ.

ಚುನಾವಣಾ ನೀತಿ ಸಂಹಿತೆ ಬಂದಾಗ ಸರ್ಕಾರಿ ಉತ್ಸವಗಳ ಸುದ್ದಿಯನ್ನು ಹಾಗೇ ನಂಬಬೇಡಿ. ಬನವಾಸಿಯ ಕದಂಬೋತ್ಸವ, ಕಾರವಾರದ ಕರಾವಳಿ ಉತ್ಸವದಂಥವು ಸರ್ಕಾರದ ಹಣದಲ್ಲಿ ನಡೆಯುವವು, ದಿನಾಂಕ ಅತ್ತಿತ್ತ ಆಗುತ್ತದೆ. ಶೋಕಾಚರಣೆಯೂ ಹಾಗೆಯೇ: ಸರ್ಕಾರಿ ಮನರಂಜನೆ ನಿಲ್ಲುತ್ತದೆ, ಖಾಸಗಿ ಸಂಘದ ಕೂಟ ನಿಲ್ಲಲೇಬೇಕೆಂದಿಲ್ಲ. ಧ್ವನಿವರ್ಧಕದ ತಕರಾರು ಬಂದಾಗ 2000ದ ಶಬ್ದಮಾಲಿನ್ಯ ನಿಯಮ ತಿಳಿದಿರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ನಿಷೇಧ, ಮುಚ್ಚಿದ ಸಭಾಭವನದ ಒಳಗೆ ವಿನಾಯಿತಿ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ರಾತ್ರಿ 12ರವರೆಗೆ ಸಡಿಲಿಸಬಹುದು. ಇದನ್ನು ಬಿಟ್ಟು ‘ಪೊಲೀಸರು ಆಟ ನಿಲ್ಲಿಸಿದರು’ ಎಂದಷ್ಟೇ ಬರೆದರೆ ಸುದ್ದಿ ಅರ್ಧವಾಗುತ್ತದೆ.

ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತವನ್ನು ‘ಪ್ರದರ್ಶನ’ ಎಂದು ಬರೆಯುವ ಮೊದಲು ಅದು ವೇದಿಕೆಯ ಮೇಲಿನದೋ, ಹೋಳಿಯ ಹೊತ್ತಿಗೆ ಮನೆಮನೆಗೆ ಹೋಗುವ ಆಚರಣೆಯೋ ನೋಡಿ. ಗುಮಟೆ ಎಂಬ ಚರ್ಮವಾದ್ಯದ ಚಿತ್ರಶೀರ್ಷಿಕೆಯಲ್ಲಿ ವಿಶೇಷ ಎಚ್ಚರ ಬೇಕು. ಸಾಂಪ್ರದಾಯಿಕವಾಗಿ ಅದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ ಈಗ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ವಾದ್ಯಕ್ಕೆ ಯಾವ ಚರ್ಮ ಎಂದು ಕೇಳದೆ ಹಳೆಯ ಪುಸ್ತಕದ ವಾಕ್ಯ ಎತ್ತಿ ಹಾಕಿದರೆ, ಆಡಿನ ಚರ್ಮ ಬಿಗಿದ ಗುಮಟೆ ಹಿಡಿದ ಕಲಾವಿದನ ಮನೆಗೂ ಅರಣ್ಯ ಇಲಾಖೆಯವರು ಬರಬಹುದು.

ಪ್ರಶಸ್ತಿಗಳ ವಿಷಯದಲ್ಲಿ ಒಂದು ನಿಯಮ. ಪದ್ಮ ಪ್ರಶಸ್ತಿಯನ್ನು ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸಬಾರದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ‘ಪದ್ಮಶ್ರೀ ಪುರಸ್ಕೃತ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ’ ಸರಿ, ‘ಪದ್ಮಶ್ರೀ ಸುಕ್ರಿ ಬೊಮ್ಮಗೌಡ’ ತಪ್ಪು. ವರ್ಷವನ್ನೂ ನೋಡಿ: ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012, ಸುಕ್ರಿಯವರಿಗೆ 2017.

ಹಿರಿಯ ಕಲಾವಿದರ ಮಾಹಿತಿ ಕಡತ ಅವರು ಬದುಕಿರುವಾಗಲೇ ಸಿದ್ಧವಾಗಬೇಕು. ಸಾವಿನ ಸುದ್ದಿ ರಾತ್ರಿ ಬಂದಾಗ ಮನೆಯವರನ್ನು ಹುಟ್ಟಿದ ವರ್ಷ ಕೇಳುವುದು ಕ್ರೌರ್ಯ. ಗುರು ಯಾರು, ಯಾವ ಮೇಳಗಳಲ್ಲಿ (ಯಕ್ಷಗಾನ ತಂಡಗಳಲ್ಲಿ) ಎಷ್ಟು ವರ್ಷ ತಿರುಗಾಟ, ಹೆಸರು ತಂದ ಪಾತ್ರ, ಶಿಷ್ಯರು ಇಷ್ಟನ್ನು ಅವರ ಬಾಯಿಂದಲೇ ಕೇಳಿ ಬರೆದು ಓದಿ ಹೇಳಿ. ವೇಷದಲ್ಲಿ ಒಂದು, ವೇಷವಿಲ್ಲದೆ ಒಂದು, ಎರಡು ಚಿತ್ರ ಇಟ್ಟುಕೊಳ್ಳಿ. ಬಣ್ಣದಲ್ಲಿರುವ ಮುಖ ನೋಡಿ ಡೆಸ್ಕ್‌ನವರು ಬೇರೆಯವರ ಚಿತ್ರ ಹಾಕಿಬಿಡುವ ಅಪಾಯ ಇದ್ದೇ ಇದೆ. ಫೈಲಿನ ಹೆಸರಿನಲ್ಲೇ ಕಲಾವಿದರ ಪೂರ್ಣ ಹೆಸರು, ಪಾತ್ರ, ತೆಗೆದ ವರ್ಷ, ತೆಗೆದವರ ಹೆಸರು ಇರಲಿ.