ನೋವಿನ ಮಾತ್ರೆ ಕೊಳ್ಳುವಾಗ ಸ್ಟ್ರಿಪ್ ತಿರುಗಿಸಿ ನೋಡಿ

ಬ್ರ್ಯಾಂಡ್ ಮಾತ್ರೆ, ಔಷಧದ ಮೂಲ ಹೆಸರಿನಲ್ಲೇ ಮಾರುವ ಜೆನೆರಿಕ್ ಮಾತ್ರೆ ಎರಡನ್ನೂ ಅಕ್ಕಪಕ್ಕ ಇಟ್ಟು ಹಿಂಬದಿಯ ಸಣ್ಣ ಅಕ್ಷರ ಓದಿ. ಔಷಧದ ಹೆಸರು, ಮಿಲಿಗ್ರಾಂ, ಮಾತ್ರೆಯ ಬಗೆ ಮೂರೂ ತಾಳೆಯಾದರೆ ಕೆಲಸವೂ ಒಂದೇ. ಬಣ್ಣ, ಆಕಾರ, ಮಾತ್ರೆಗೆ ತುಂಬುವ ಪಿಷ್ಟ ಅಥವಾ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬೇರೆ ಇರಬಹುದು. ಇವುಗಳಲ್ಲಿ ಯಾವುದಾದರೂ ಒಗ್ಗದವರು ಅದನ್ನೂ ಗಮನಿಸಬೇಕು.

ಎಡವುವುದು ಹೆಚ್ಚಾಗಿ ಮಿಲಿಗ್ರಾಂ ಲೆಕ್ಕದಲ್ಲಿ. ಒಂದರ ಮೇಲೆ ‘ಐಬುಪ್ರೊಫೇನ್ 200’, ಇನ್ನೊಂದರ ಮೇಲೆ ‘ಐಬುಪ್ರೊಫೇನ್ ಲೈಸಿನ್ 342’ ಅಂತಿದ್ದರೆ ಎರಡನೆಯದೇ ಜೋರು ಅನ್ನಿಸುತ್ತದೆ. ಲೈಸಿನ್ ಅಂದರೆ ಔಷಧಕ್ಕೆ ಜೋಡಿಸಿದ ಇನ್ನೊಂದು ಪದಾರ್ಥ; ಅದರ ತೂಕ ಕಳೆದರೆ ಉಳಿಯುವುದು ಅದೇ 200. ಇನ್ನೊಂದು ನೋವಿನ ಔಷಧ ನ್ಯಾಪ್ರೊಕ್ಸೆನ್ ಸೋಡಿಯಂ 220 ಅಂದರೂ ಅಷ್ಟೇ, ಒಳಗಿರುವ ನ್ಯಾಪ್ರೊಕ್ಸೆನ್ 200. ಲೈಸಿನ್ ರೂಪ ಬೇಗ ಕರಗಿ ರಕ್ತ ಸೇರುತ್ತದೆ, ಅದರ ಲಾಭ ಅಲ್ಲಿಗೆ ಮುಗಿಯಿತು.

‘ಬೆನ್ನುನೋವಿಗೆ’, ‘ಮೈಗ್ರೇನಿಗೆ’ ಎಂಬ ಡಬ್ಬಿಗಳ ಕಥೆ ಇನ್ನೂ ಸ್ವಾರಸ್ಯ. ಆಸ್ಟ್ರೇಲಿಯಾದಲ್ಲಿ ನ್ಯೂರೋಫೆನ್ ಎಂಬ ಬ್ರ್ಯಾಂಡ್ ಹೀಗೆ ನಾಲ್ಕು ಬಗೆಯ ನೋವಿಗೆ ನಾಲ್ಕು ಡಬ್ಬಿ ಮಾರುತ್ತಿತ್ತು. ನಾಲ್ಕರಲ್ಲೂ ಇದ್ದದ್ದು ಅದೇ ಐಬುಪ್ರೊಫೇನ್ ಲೈಸಿನ್ 342. ಇದು ದಾರಿ ತಪ್ಪಿಸುವ ಮಾರಾಟವೆಂದು 2015ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಹೇಳಿತು; ಮರುವರ್ಷ ದಂಡ 60 ಲಕ್ಷ ಡಾಲರಿಗೆ ಏರಿತು. ಮಾತ್ರೆಗೆ ಬೆನ್ನು, ತಲೆ ಅಂತ ಭೇದ ಗೊತ್ತಿಲ್ಲ, ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ.

ಬಗೆಯ ವಿಷಯಕ್ಕೆ ಬಂದರೆ, ಪ್ಯಾರಾಸಿಟಮಾಲ್ ಸಾಮಾನ್ಯ ಮಾತ್ರೆಯೂ ಇದೆ, ನಿಧಾನವಾಗಿ ಬಿಡುವ ಮಾತ್ರೆಯೂ ಇದೆ. ನಿಧಾನದ್ದನ್ನು ಮುರಿದರೆ ಅಥವಾ ಅರೆದರೆ ಗಂಟೆಗಟ್ಟಲೆ ಇಳಿಯಬೇಕಾದ ಔಷಧ ಒಮ್ಮೆಗೇ ಇಳಿದುಬಿಡುತ್ತದೆ. ಕರುಳಿನಲ್ಲಿ ಕರಗುವಂತೆ ಲೇಪ ಹಾಕಿದ ಆಸ್ಪಿರಿನ್ ತಲೆನೋವಿಗೆ ತಡವಾಗಿ ಹತ್ತುತ್ತದೆ. ನೀರಿನಲ್ಲಿ ನೊರೆಯೇಳುವ ಮಾತ್ರೆಗಳಲ್ಲಿ ಸೋಡಿಯಂ ಬಹಳ. ಬಿಪಿ ಇರುವವರಿಗೆ ಬೇಡ.

ನಿಜವಾದ ಅಪಾಯ ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರುವುದು. ಜ್ವರಕ್ಕೊಂದು ಬ್ರ್ಯಾಂಡ್, ಮೈಕೈ ನೋವಿಗೊಂದು ಜೆನೆರಿಕ್, ಶೀತಕ್ಕೊಂದು ಮಾತ್ರೆ: ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ ಎಲ್ಲ ಸೇರಿ 4000 ಮಿಲಿಗ್ರಾಂ ಮಿತಿ. 650ರ ಮಾತ್ರೆ ಆರಾದರೆ 3900, ಏಳನೆಯದು ಗೆರೆ ದಾಟಿತು. ತೂಕ ಕಡಿಮೆಯಿರುವವರಿಗೆ, ಲಿವರ್ ತೊಂದರೆಯವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕೆಳಗೆ. ಮಿತಿ ಮೀರಿದರೆ ಮೊದಲ ದಿನ ಏನೂ ಆಗದಂತೆ ಕಾಣುತ್ತದೆ, ಲಿವರ್ ಒಳಗೇ ಹಾಳಾಗುತ್ತಿರುತ್ತದೆ. ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸ್ಟ್ರಿಪ್ ಕತ್ತರಿಸಿ ಕೊಂಡರೆ ಔಷಧದ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ತುಂಡನ್ನೇ ಕೇಳಿ ಪಡೆಯಿರಿ.